ಸೇವೆಗೆಂದು ಬಂದ ಹದಿನೆಂಟರ ಅತಿಥಿಗಳು

(ಹನ್ನೆರಡನೇ ತರಗತಿ ಮುಗಿಸುತ್ತಿರುವ ಮಕ್ಕಳ ಪೋಷಕರು ಹಾಗೂ ಶಿಕ್ಷಕರ ಮುಂದೆ ಬೆಂಗಳೂರಿನ ಶಾಲೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ.)

ಈ ಶಾಲೆಯ ಇಪ್ಪತ್ತಾರು ಮಕ್ಕಳು ಪರೀಕ್ಷೆ ಮುಗಿಸಿ, ಏಪ್ರಿಲ್ ಎರಡನೇ ವಾರದಲ್ಲಿ ಕಾಂಬೋಡಿಯಾಕ್ಕೆ ಹೋಗಿ, ಅಲ್ಲಿನ ಹಳ್ಳಿಶಾಲೆಯೊಂದರಲ್ಲಿ ಹತ್ತು ದಿನ ಸಮುದಾಯ ಸೇವೆ ಮಾಡಲಿದ್ದಾರೆ ಎಂದು ತಿಳಿಸಿ, ಹೊರಡುವ ಮೊದಲು ಅವರಿಗೂ ತಮಗೂ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ಹೀಗೆ ಹೊರದೇಶಕ್ಕೆ ಸೇವೆಗೆ ಹೋಗಿ ಬಂದ ಯಾರನ್ನಾದರೂ ಕರೆದಿದ್ದರೆ ಹೆಚ್ಚು ಉತ್ಸಾಹದ ಮಾತು ಕೇಳಲು ಸಿಗುತ್ತಿತ್ತೇನೋ. ನಾನು ಹೋದವನಲ್ಲ, ಬಂದವರನ್ನು ಎದುರುಗೊಂಡವನು. ಕುಂದಾಪುರದ ಕಡೆ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ, ಒಂಬತ್ತು ವರ್ಷ ಕಾಲ, ಜರ್ಮನಿಯಿಂದ ಒಂದು ವರ್ಷದ ಸೇವೆಗೆಂದು ಬರುತ್ತಿದ್ದ ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರಿಗೆ ವ್ಯವಹಾರಕ್ಕೆ ಬೇಕಾದಷ್ಟು ಕನ್ನಡ ಕಲಿಸಿದ್ದೇನೆ. ಹಾಗಾಗಿ ಈ ವಿಷಯವನ್ನು ನಾನು ಬಾಗಿಲ ಒಳಗಿನಿಂದ ನೋಡಿದ್ದೇನೆ. ತಮ್ಮ ಮಕ್ಕಳು ಕಾಂಬೋಡಿಯಾದಲ್ಲಿ ಯಾರ ಮನೆಯ ಅಂಗಳಕ್ಕೆ ಇಳಿಯುತ್ತಾರೋ ಆ ಮನೆಯವರ ಸ್ಥಾನದಲ್ಲಿ ನಿಂತು ಮಾತನಾಡಿದರೆ ತಪ್ಪಾಗಲಾರದು ಎಂದುಕೊಂಡಿದ್ದೇನೆ.

ಶಾಲೆ ಬಿಟ್ಟ ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಪರದೇಶದ ಸೇವೆಗೆ ಕಳಿಸುವ ಪದ್ಧತಿ ಬಹಳ ಹಳೆಯದೇನಲ್ಲ. ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧದ ನಂತರವೂ ಹುಡುಗರಿಗೆ ಕಡ್ಡಾಯ ಸೈನಿಕ ಸೇವೆ ಇತ್ತು. ಅದನ್ನು ಕೈಬಿಡುವ ತೀರ್ಮಾನ 1957ರಲ್ಲಿ ಆಯಿತು, 1960ರ ಕೊನೆಗೆ ಸೇನೆಯ ಕರೆ ನಿಂತಿತು. ಸೇನೆಯ ಸೇವೆ ಮುಗಿಸಿ ಬಂದ ಹುಡುಗರೂ ಅದೇ ತಾನೆ ಶಾಲೆ ಮುಗಿಸಿದ ಹುಡುಗರೂ ಒಟ್ಟಿಗೇ ವಿಶ್ವವಿದ್ಯಾಲಯದ ಬಾಗಿಲಿಗೆ ಬಂದಾಗ ಕೆಲವರು ಒಂದು ವರ್ಷ ಕಾಯಬೇಕಾಗುತ್ತಿತ್ತು. ಆ ಖಾಲಿ ವರ್ಷವನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಅಲೆಕ್ ಡಿಕ್ಸನ್ ಮತ್ತು ಅವರ ಪತ್ನಿ ಮೋರಾ ಡಿಕ್ಸನ್ ಕಂಡುಕೊಂಡ ಉತ್ತರವೇ 1958ರಲ್ಲಿ ಹುಟ್ಟಿದ ವಿಎಸ್ಒ (ವಾಲಂಟರಿ ಸರ್ವಿಸ್ ಓವರ್‌ಸೀಸ್, ಅಂದರೆ ಪರದೇಶದ ಸ್ವಯಂಸೇವೆ) ಎಂಬ ಸಂಸ್ಥೆ. ಪೋರ್ಟ್ಸ್‌ಮತ್ತಿನ ಬಿಷಪ್ಪರ ಸಹಿಯಲ್ಲಿ ಪತ್ರಿಕೆಯೊಂದಕ್ಕೆ ಒಂದು ಪತ್ರ ಹೋಯಿತು. ಅದನ್ನು ಓದಿ ಮುಂದೆ ಬಂದ ಹುಡುಗರಲ್ಲಿ ಕೆಲವರು ಅದೇ ವರ್ಷ ಬೋರ್ನಿಯೋ ದ್ವೀಪದ ಸರವಾಕ್‌ಗೆ, ಇನ್ನು ಕೆಲವರು ಆಫ್ರಿಕಕ್ಕೆ ಹೊರಟರು. ಅವರ ಕೈಯಲ್ಲಿ ಯಾವ ತರಬೇತಿಯೂ ಇರಲಿಲ್ಲ. ತರಬೇತಿ ಇಲ್ಲದಿರುವುದೇ ಒಂದು ಗುಣ, ಊರವರ ಜೊತೆ ಸರೀಕರಂತೆ ಬೆರೆಯಲು ಅದೇ ಅನುಕೂಲ ಎಂದು ಡಿಕ್ಸನ್ ನಂಬಿದ್ದರು.

ಬರಮಾಡಿಕೊಂಡ ದೇಶಗಳಿಗೆ ಹಾಗೆ ಅನ್ನಿಸಲಿಲ್ಲ. ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ಕಾಲ ಅದು. ಹೊಸ ಸರ್ಕಾರಗಳಿಗೆ ಬೇಕಾಗಿದ್ದವರು ಶಿಕ್ಷಕರು, ದಾದಿಯರು, ಎಂಜಿನಿಯರುಗಳು. 1962ರ ಸುಮಾರಿಗೆ ಆ ಸಂಸ್ಥೆ ಪದವೀಧರರ ಕಡೆಗೆ, ಮುಂದೆ ಕಸುಬು ಬಲ್ಲವರ ಕಡೆಗೆ ವಾಲಿತು, ಶಾಲೆ ಬಿಟ್ಟ ಹುಡುಗರು ಕ್ರಮೇಣ ಹಿಂದೆ ಸರಿದರು. ಡಿಕ್ಸನ್ ಅದೇ ವರ್ಷ ಸಂಸ್ಥೆಯಿಂದ ಹೊರಬಂದು, ಬ್ರಿಟನ್ನಿನ ಒಳಗೇ, ತಮ್ಮದೇ ಊರುಗಳ ಆಸ್ಪತ್ರೆ, ಅನಾಥಾಲಯ, ವೃದ್ಧಾಶ್ರಮಗಳಲ್ಲಿ ಎಳೆಯರು ದುಡಿಯುವ ಇನ್ನೊಂದು ಸಂಸ್ಥೆಯನ್ನು ಕಟ್ಟಿದರು. ಪರದೇಶದ ಸೇವೆಗೆ ಹುಡುಗರನ್ನು ಕಳಿಸಲು ಮೊದಲು ಮಾಡಿದ ಮನುಷ್ಯನೇ ನಾಲ್ಕು ವರ್ಷದೊಳಗೆ ತನ್ನೂರಿನ ಕಡೆ ತಿರುಗಿದ್ದನ್ನು ಈ ಕ್ಷೇತ್ರದ ಜಾಹೀರಾತುಗಳು ಹೇಳುವುದಿಲ್ಲ.

ಅದೇ 1958ರಲ್ಲಿ ಜರ್ಮನಿಯಲ್ಲಿ ಇನ್ನೊಂದು ಆರಂಭವಾಯಿತು. ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯವಾದದ್ದು. ಲೋಥರ್ ಕ್ರೈಸಿಗ್ ಎಂಬವರು ನಾಜಿಗಳ ಕಾಲದಲ್ಲಿ ನ್ಯಾಯಾಧೀಶರಾಗಿದ್ದು, ಮಾನಸಿಕ ರೋಗಿಗಳನ್ನು ಸರ್ಕಾರವೇ ಕೊಲ್ಲಿಸುತ್ತಿದ್ದುದನ್ನು ಎದುರಿಸಿ ಕೆಲಸ ಕಳೆದುಕೊಂಡವರು. 1958ರ ಏಪ್ರಿಲ್‌ನಲ್ಲಿ ಬರ್ಲಿನ್ನಿನಲ್ಲಿ ನಡೆದ ಪ್ರಾಟೆಸ್ಟೆಂಟ್ ಚರ್ಚಿನ ಮಹಾಸಭೆಯಲ್ಲಿ ಅವರು ಒಂದು ಮನವಿ ಓದಿದರು. ನಮ್ಮಿಂದ ಹಿಂಸೆಗೆ ಒಳಗಾದ ಜನರು, ತಮ್ಮ ನೆಲದಲ್ಲಿ ನಾವು ನಮ್ಮ ಕೈಯಾರೆ ಏನಾದರೂ ಒಳ್ಳೆಯದನ್ನು ಮಾಡಲು ನಮಗೆ ಅನುಮತಿ ಕೊಡಬೇಕು ಎಂಬುದು ಅದರ ತಾತ್ಪರ್ಯ. ಮುಂದಿನ ವರ್ಷವೇ ನಾರ್ವೆ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಶುರುವಾಯಿತು. ಇಂದಿಗೂ ಆ ಮನವಿಯಿಂದ ಹುಟ್ಟಿದ ಸಂಸ್ಥೆಯ ಮೂಲಕ ಶಾಲೆ ಮುಗಿಸಿದ ಜರ್ಮನ್ ಮಕ್ಕಳು ಪೋಲೆಂಡ್, ಇಸ್ರೇಲ್ ಮುಂತಾದ ಕಡೆ ಹೋಗಿ, ನಾಜಿ ಶಿಬಿರಗಳಿಂದ ಬದುಕಿ ಉಳಿದ ಮುದುಕರ ಜೊತೆ, ಸ್ಮಾರಕಗಳಲ್ಲಿ, ಒಂದೊಂದು ವರ್ಷ ಇರುತ್ತಾರೆ. ‘ಅನುಮತಿ ಕೊಡಿ’ ಎಂಬ ಆ ಒಂದು ಮಾತನ್ನು ತಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಸಹಾಯ ಮಾಡಲು ಹೊರಟವನು ಅನುಮತಿ ಕೇಳುವುದು ಎಷ್ಟು ಅಪರೂಪವೆಂಬುದು ನನಗೆ ಆ ಒಂಬತ್ತು ವರ್ಷಗಳಲ್ಲಿ ಚೆನ್ನಾಗಿ ತಿಳಿಯಿತು.

ನಮ್ಮೂರಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ‘ವೆಲ್ಟ್‌ವೆರ್ಟ್ಸ್’ ಎಂಬ ಯೋಜನೆಯವರು. ಜರ್ಮನಿಯ ಅಭಿವೃದ್ಧಿ ಸಹಕಾರ ಸಚಿವಾಲಯ ಇದನ್ನು 2008ರಲ್ಲಿ ಆರಂಭಿಸಿತು. ಆ ಹೆಸರನ್ನು ‘ಜಗದ ಕಡೆಗೆ’ ಎಂದು ಅನುವಾದಿಸಬಹುದು. ಹದಿನೆಂಟರಿಂದ ಇಪ್ಪತ್ತೆಂಟು ವರ್ಷದವರು ಆರರಿಂದ ಇಪ್ಪತ್ತನಾಲ್ಕು ತಿಂಗಳವರೆಗೆ ಹೋಗಬಹುದು. ಖರ್ಚಿನ ಮುಕ್ಕಾಲು ಪಾಲಿನವರೆಗೆ ಸರ್ಕಾರ ಕೊಡುತ್ತದೆ. ಹೋಗುವ ಮುನ್ನ, ಮಧ್ಯೆ ಮತ್ತು ಮರಳಿದ ಮೇಲೆ ಸೇರಿ ಇಪ್ಪತ್ತೈದು ದಿನದ ಶಿಬಿರಗಳಿರುತ್ತವೆ. ನಿಯಮ ಹೀಗಿದ್ದರೂ ಬಂದವರಲ್ಲಿ ಬಹುಪಾಲು ನಮ್ಮ ಪಿಯುಸಿಗೆ ಸಮನಾದ ‘ಅಬಿಟೂರ್’ ಪರೀಕ್ಷೆಯನ್ನು ಆಗ ತಾನೆ ಮುಗಿಸಿದವರೇ. ಯೋಜನೆ ಹುಟ್ಟಿದಾಗ ಅದರ ಘೋಷವಾಕ್ಯ, ಕೈಜೋಡಿಸಿ ನೆರವಾಗುವ ಮೂಲಕ ಕಲಿಕೆ ಎಂಬ ಅರ್ಥದ್ದು. ಕ್ರಮೇಣ ‘ನೆರವು’ ಎಂಬುದು ಹಿಂದೆ ಸರಿದು, ಇದೊಂದು ಕಲಿಕೆಯ ಸೇವೆ ಎಂದು ಅವರೇ ಹೇಳತೊಡಗಿದರು. ಇಷ್ಟು ಪ್ರಾಮಾಣಿಕವಾಗಿ ತನ್ನ ಮಾತನ್ನು ತಿದ್ದಿಕೊಂಡ ಸರ್ಕಾರಿ ಯೋಜನೆಯನ್ನು ನಾನು ಹೆಚ್ಚು ಕಂಡಿಲ್ಲ. ಆದರೆ ಕಲಿಯಲು ಬಂದವರಾದರೆ ಕಲಿಸುವವರು ಯಾರು, ಆ ಗುರುಗಳಿಗೆ ಸಲ್ಲಬೇಕಾದದ್ದು ಏನು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯದೆ ನಮ್ಮ ಊರಿನವರೆಗೂ ಬರುತ್ತದೆ.

ಅವರು ಬರುತ್ತಿದ್ದುದು ಆಗಸ್ಟ್ ತಿಂಗಳಲ್ಲಿ, ಅಂದರೆ ಕರಾವಳಿಯಲ್ಲಿ ಮಳೆ ಇನ್ನೂ ಹನಿ ಕಡಿಯದೆ ಸುರಿಯುವಾಗ. ಸರ್ಕಾರೇತರ ಸಂಸ್ಥೆಗಳಲ್ಲಿ ಗೌರವ ಸೇವೆಗೆ ಬರುವ ವಿದೇಶಿಯರಿಗೆ ನಮ್ಮ ದೇಶ ಕೊಡುವುದು ಉದ್ಯೋಗ ವೀಸಾ. ನೂರ ಎಂಬತ್ತು ದಿನಕ್ಕಿಂತ ಹೆಚ್ಚಿನ ವೀಸಾ ಇದ್ದವರು ಬಂದ ಹದಿನಾಲ್ಕು ದಿನದೊಳಗೆ ನೋಂದಣಿ ಮಾಡಿಸಬೇಕು. ಆ ಕಾಗದಪತ್ರದ ಓಡಾಟದಲ್ಲೇ ಅವರ ಮೊದಲ ಕನ್ನಡ ಪಾಠಗಳು ನಡೆಯುತ್ತಿದ್ದವು. ನಾನು ಪುಸ್ತಕದ ಕನ್ನಡ ಕಲಿಸುತ್ತಿದ್ದೆ. ಸಂಜೆ ಮನೆಗೆ ಹೋದರೆ ಅಲ್ಲಿ ಕುಂದಾಪ್ರ ಕನ್ನಡ. ‘ಊಟ ಆಯಿತೇ’ ಎಂದು ನನ್ನಲ್ಲಿ ಕಲಿತವರು, ಮಧ್ಯಾಹ್ನ ನಾಲ್ಕು ಗಂಟೆಗೆ ದಾರಿಯಲ್ಲಿ ಸಿಕ್ಕಿದವರೆಲ್ಲ ‘ಹ್ವಾಯ್, ಊಟ ಆಯ್ತಾ’ ಎನ್ನುವುದನ್ನು ಕೇಳಿ, ಈ ಊರಿನಲ್ಲಿ ಹಸಿವು ಬಹಳ ಇದೆ ಎಂದು ತಿಳಿದಿದ್ದರು. ಒಬ್ಬ ಹುಡುಗ ಮನೆಗೆ ಹಾಗೆಯೇ ಬರೆದೂ ಬಿಟ್ಟಿದ್ದ. ಅದು ಕುಶಲ ಕೇಳುವ ಕ್ರಮವೆಂದು ಅವನಿಗೆ ತಿಳಿಯಲು ದಸರಾ ರಜೆ ಬರಬೇಕಾಯಿತು. ಹತ್ತು ದಿನಕ್ಕೆ ಬಂದು ಹೋಗುವವನಾಗಿದ್ದರೆ ಆ ಪತ್ರವೇ ನಮ್ಮೂರಿನ ಕೊನೆಯ ವರದಿಯಾಗಿ ಉಳಿಯುತ್ತಿತ್ತು.

ಅವರನ್ನು ಹೆಚ್ಚಾಗಿ ಹಾಕುತ್ತಿದ್ದುದು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ, ಇಂಗ್ಲಿಷ್ ಕಲಿಸಲು. ಇಂಗ್ಲಿಷ್ ಅವರ ಮಾತೃಭಾಷೆಯಲ್ಲ, ಅವರೂ ಶಾಲೆಯಲ್ಲಿ ಕಲಿತವರೇ ಎಂಬುದನ್ನು ಊರಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಬಣ್ಣವೇ ಅರ್ಹತಾಪತ್ರವಾಯಿತು. ಇದರಲ್ಲಿ ತಪ್ಪು ಅವರದಕ್ಕಿಂತ ನಮ್ಮದು ಹೆಚ್ಚು. ನಮ್ಮ ಶಾಲೆಗಳು ಜೂನ್‌ನಲ್ಲಿ ತೆರೆಯುತ್ತವೆ. ಅವರು ಆಗಸ್ಟ್‌ನಲ್ಲಿ ಬಂದು ಮುಂದಿನ ಜುಲೈನಲ್ಲಿ ಹೋಗುತ್ತಾರೆ. ಹಾಗಾಗಿ ಯಾವ ತರಗತಿಯನ್ನೂ ಮೊದಲಿನಿಂದ ಕೊನೆಯವರೆಗೆ ನಡೆಸಿದ ಸ್ವಯಂಸೇವಕನನ್ನು ನಾನು ನೋಡಲಿಲ್ಲ. ಪ್ರತಿ ಆಗಸ್ಟ್‌ನಲ್ಲೂ ಹೊಸ ಅಕ್ಕನೋ ಹೊಸ ಅಣ್ಣನೋ ಬಂದು ಬಣ್ಣಗಳ ಹೆಸರು, ದೇಹದ ಅಂಗಗಳ ಹಾಡು, ಒಂದರಿಂದ ಇಪ್ಪತ್ತರವರೆಗಿನ ಎಣಿಕೆ ಎಂದು ಮೊದಲ ಪಾಠದಿಂದ ಶುರು ಮಾಡುತ್ತಿದ್ದರು. ಎರಡನೇ ತರಗತಿಯಲ್ಲಿ ಆ ಹಾಡು ಕಲಿತ ಹುಡುಗಿ ಐದನೇ ತರಗತಿಗೆ ಬಂದಾಗಲೂ ಮೂಗು ಮುಟ್ಟಿಕೊಂಡು ಅದನ್ನೇ ಹಾಡುತ್ತಿದ್ದಳು. ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, “ನಾವು ಹೇಳದಿದ್ದರೆ ಅಕ್ಕನಿಗೆ ಬೇಜಾರಾಗುತ್ತದೆ ಸಾರ್” ಎಂದಳು. ಆ ತರಗತಿಯಲ್ಲಿ ಯಾರು ಯಾರ ಸೇವೆ ಮಾಡುತ್ತಿದ್ದರೆಂಬುದು ನನಗೆ ಅಂದು ಸ್ಪಷ್ಟವಾಯಿತು.

ಒಂದರಿಂದ ಮೂರನೇ ತರಗತಿಯವರೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ನಲಿಕಲಿ’ ಪದ್ಧತಿ ಇದೆಯೆಂಬುದು ಇಲ್ಲಿರುವ ಶಿಕ್ಷಕರಿಗೆ ಗೊತ್ತು. ತೊಂಬತ್ತರ ದಶಕದ ನಡುವೆ ಹೆಗ್ಗಡದೇವನಕೋಟೆಯ ಶಿಕ್ಷಕರು ರೂಪಿಸಿದ ಈ ಕ್ರಮದಲ್ಲಿ ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಟ್ಟೆಗಳೆಂಬ ಗುಂಪುಗಳಾಗಿ ಕುಳಿತು, ತಮ್ಮ ತಮ್ಮ ಕಾರ್ಡ್ ಹಿಡಿದು, ಕಲಿಕೆಯ ಮೆಟ್ಟಿಲುಗಳನ್ನು ತಮ್ಮದೇ ವೇಗದಲ್ಲಿ ಏರುತ್ತಾರೆ. ಹೊರಗಿನವರ ಕಣ್ಣಿಗೆ ಅದು ಗದ್ದಲ. ಒಂದು ವರ್ಷ ಬಂದ ಇಬ್ಬರು, ಟೀಚರು ತರಬೇತಿಗೆಂದು ಹೋಗಿದ್ದ ದಿನ, ಒಳ್ಳೆಯ ಮನಸ್ಸಿನಿಂದಲೇ, ಗುಂಪುಗಳನ್ನೆಲ್ಲ ಒಡೆದು ಮಕ್ಕಳನ್ನು ಸಾಲಾಗಿ ಕೂರಿಸಿ, ಕಾರ್ಡುಗಳನ್ನು ಬಣ್ಣದ ಪ್ರಕಾರ ಜೋಡಿಸಿ ಡಬ್ಬಿಯಲ್ಲಿಟ್ಟರು. ಯಾವ ಮಗು ಯಾವ ಮೆಟ್ಟಿಲಿನಲ್ಲಿತ್ತು ಎಂಬುದನ್ನು ಮತ್ತೆ ಹುಡುಕಿ ಜೋಡಿಸಲು ಟೀಚರಿಗೆ ಒಂದು ವಾರ ಹಿಡಿಯಿತು. ಅವರು ಬಯ್ಯಲಿಲ್ಲ, ಅತಿಥಿಗಳನ್ನು ಬಯ್ಯುವ ರೂಢಿ ನಮ್ಮಲ್ಲಿಲ್ಲ. ಆ ಇಬ್ಬರೂ ತಾವು ಶಾಲೆಯನ್ನು ಅಚ್ಚುಕಟ್ಟು ಮಾಡಿದೆವೆಂದೇ ನಂಬಿ ಊರಿಗೆ ಹೋದರು.

ಗೋಡೆಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ಪ್ರತಿ ತಂಡಕ್ಕೂ ಕಣ್ಣಿಗೆ ಕಾಣುವ ಒಂದು ಕೆಲಸ ಬೇಕಾಗುತ್ತದೆ, ಅದು ಸಹಜ. ಹಾಗೆ ಒಂದು ಶಾಲೆಯ ಗೋಡೆಯ ಮೇಲೆ ಜಗತ್ತಿನ ನಕ್ಷೆ ಬಂತು, ಮರುವರ್ಷ ಕಾಡುಪ್ರಾಣಿಗಳು ಬಂದವು, ಅದರ ಮರುವರ್ಷ ನಕ್ಷೆಯ ಮೇಲೆ ಇನ್ನೊಂದು ನಕ್ಷೆ ಬಂತು. ಇನ್ನು ಬಣ್ಣ ಬಳಿಯಬೇಕಾದರೆ ಹೊಸ ಗೋಡೆ ಕಟ್ಟಿಸಬೇಕು ಎಂದು ಮುಖ್ಯೋಪಾಧ್ಯಾಯರು ನಗುತ್ತಾ ಹೇಳಿದ್ದರು. ಅದೇ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಪಂಪ್ ಕೆಟ್ಟು ನೀರು ನಿಂತು ಎರಡು ತಿಂಗಳಾಗಿತ್ತು. ಪಂಪ್ ರಿಪೇರಿಯ ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲ.

ಇದಕ್ಕಿಂತ ಕಠಿಣವಾದ ಸಂಗತಿಯೊಂದಿದೆ. ಖಾಲಿ ಹುದ್ದೆಗಳಿರುವ ಸರ್ಕಾರಿ ಶಾಲೆಗಳಿಗೆ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವ ವ್ಯವಸ್ಥೆ ನಮ್ಮಲ್ಲಿದೆ. ಗೌರವಧನ ಚಿಕ್ಕದೇ. ಡಿ.ಎಡ್. ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಯರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಒಂದು ಶಾಲೆಯಲ್ಲಿ ಆಡಳಿತದವರು, ಹೇಗೂ ಫಾರಿನ್ನಿನವರು ಬರುತ್ತಾರಲ್ಲ ಎಂದು ಆ ವರ್ಷ ಅತಿಥಿ ಶಿಕ್ಷಕಿಗಾಗಿ ಒತ್ತಾಯ ಹಾಕುವುದನ್ನೇ ಬಿಟ್ಟುಬಿಟ್ಟರು. ಬಂದ ಹುಡುಗಿಗೆ ಈ ವಿಷಯ ಗೊತ್ತೇ ಇರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಒಂದು ಉಚಿತ ಕೈ ಊರಿಗೆ ಬಂದರೆ ಅದು ಯಾರ ಸಂಬಳದ ಕೈಯನ್ನು ಪಕ್ಕಕ್ಕೆ ಸರಿಸುತ್ತದೆ ಎಂದು ನೋಡುವವರು ಯಾರು?

ಜರ್ಮನಿಯಲ್ಲಿ ಅದನ್ನು ಕಾನೂನು ನೋಡುತ್ತದೆ. ಇದು ನನಗೆ ತಿಳಿದದ್ದು ನಮ್ಮ ಬೈಂದೂರು ಕಡೆಯ ಹುಡುಗಿಯೊಬ್ಬಳಿಂದ. 2013ರಿಂದ ‘ವೆಲ್ಟ್‌ವೆರ್ಟ್ಸ್’ ಯೋಜನೆಗೆ ಎದುರು ದಿಕ್ಕಿನ ದಾರಿಯೊಂದು ಸೇರಿಕೊಂಡಿದೆ; ನಮ್ಮಂಥ ದೇಶಗಳ ಎಳೆಯರು ಅಲ್ಲಿಗೆ ಹೋಗಿ ಒಂದು ವರ್ಷ ಸೇವೆ ಮಾಡಬಹುದು. ಅಲ್ಲಿ 2011ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು, ಅದರ ಬದಲಿಗೆ ಇದ್ದ ನಾಗರಿಕ ಸೇವೆಯನ್ನು ನಿಲ್ಲಿಸಿದಾಗ ಅದರ ಜಾಗಕ್ಕೆ ಬಂದ ಸ್ವಯಂಸೇವೆಯ ಕಾನೂನಿನಡಿ ಇವರನ್ನು ಸೇರಿಸಿಕೊಳ್ಳುತ್ತಾರೆ. ಸ್ವಯಂಸೇವಕನ ಕೆಲಸ ಸಂಬಳದ ಹುದ್ದೆಯೊಂದನ್ನು ಕಿತ್ತುಕೊಳ್ಳುವಂತಿರಬಾರದು ಎಂಬುದು ಆ ಕಾನೂನಿನ ಮೂಲ ನಿಯಮಗಳಲ್ಲಿ ಒಂದು. ನಮ್ಮ ಹುಡುಗಿ ಬಿ.ಎ. ಮುಗಿಸಿದವಳು, ಅಂಗನವಾಡಿ ಕಾರ್ಯಕರ್ತೆಯ ಮಗಳು, ಮಕ್ಕಳೆಂದರೆ ಹುಟ್ಟಿನಿಂದ ಬಲ್ಲವಳು. ಅವಳನ್ನು ಒಂದು ಶಿಶುವಿಹಾರಕ್ಕೆ ಹಾಕಿದರು. ಮೊದಲು ಭಾಷೆಯ ತರಗತಿ, ಪೊಲೀಸ್ ಪ್ರಮಾಣಪತ್ರ, ದಡಾರ ಲಸಿಕೆಯ ದಾಖಲೆ. ಆಮೇಲೆ ಅವಳನ್ನು ನೋಡಿಕೊಳ್ಳಲೆಂದೇ ಒಬ್ಬ ಹಿರಿಯ ಶಿಕ್ಷಕಿ. ತಿಂಗಳುಗಳ ಕಾಲ ಅವಳನ್ನು ಮಕ್ಕಳ ಜೊತೆ ಒಂಟಿಯಾಗಿ ಬಿಡಲಿಲ್ಲ. ಮೇಜು ಒರೆಸುವುದು, ಹಣ್ಣು ಹೆಚ್ಚುವುದು, ಶೂ ಲೇಸು ಕಟ್ಟುವುದು, ಇಷ್ಟೇ ಕೆಲಸ. ಜರ್ಮನಿಯನ್ನು ಉದ್ಧಾರ ಮಾಡಲು ಕುಂದಾಪುರದಿಂದ ಒಬ್ಬಳು ಬಂದಳೆಂದು ಅಲ್ಲಿ ಯಾರಿಗೂ ಅನ್ನಿಸಲಿಲ್ಲ. ಇತ್ತ ನಮ್ಮಲ್ಲಿ ಅದೇ ಆಗಸ್ಟ್‌ನಲ್ಲಿ ಬಂದ ಹತ್ತೊಂಬತ್ತರ ಹುಡುಗನ ಕೈಗೆ ಎರಡನೇ ದಿನವೇ ಮೂವತ್ತೆಂಟು ಮಕ್ಕಳ ತರಗತಿಯನ್ನೂ ಸೀಮೆಸುಣ್ಣವನ್ನೂ ಕೊಟ್ಟು, ಟೀಚರು ಕಚೇರಿ ಕೆಲಸಕ್ಕೆ ಹೋಗಿದ್ದರು.

ನಾನು ಇಂದು ಹೇಳಬೇಕೆಂದು ಬಂದದ್ದು ಇದನ್ನೇ. ತಮ್ಮ ಮಕ್ಕಳು ಅಲ್ಲಿ ಮಾಡಲಿರುವ ಪ್ರತಿಯೊಂದು ಕೆಲಸವನ್ನೂ ತಿರುಗಿಸಿ ನೋಡಿ. ಕಾಂಬೋಡಿಯಾದ ಹಳ್ಳಿಯೊಂದರಿಂದ ಹದಿನೆಂಟರ ಇಪ್ಪತ್ತಾರು ಮಕ್ಕಳು, ಕನ್ನಡವೂ ಇಂಗ್ಲಿಷೂ ಬಾರದವರು, ಹತ್ತು ದಿನಕ್ಕೆಂದು ಈ ಶಾಲೆಗೆ ಬಂದರೆ, ತಾವು ಅವರಿಗೆ ಯಾವ ಕೆಲಸ ಒಪ್ಪಿಸುತ್ತೀರಿ? ಪಾಠ ಹೇಳಲು ಬಿಡುತ್ತೀರಾ? ಒಂದನೇ ತರಗತಿಯ ಮಗುವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಲು ಬಿಡುತ್ತೀರಾ? ಬಿಡುವುದಿಲ್ಲವಾದರೆ ತಮ್ಮ ಮಕ್ಕಳೂ ಅದನ್ನು ಅಲ್ಲಿ ಮಾಡಕೂಡದು. ಬಿಡಬಹುದಾದ ಕೆಲಸಗಳೂ ಇವೆ. ಅವುಗಳ ಪಟ್ಟಿ ಚಿಕ್ಕದು, ಹೆಚ್ಚು ಆಕರ್ಷಕವೂ ಅಲ್ಲ.

ಅಂಥ ಒಂದು ಕೆಲಸವನ್ನು ನಮ್ಮ ಕಡಲತೀರದಲ್ಲಿ ಕಂಡಿದ್ದೇನೆ. ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ಕುಂದಾಪುರದ ಸುತ್ತಲಿನ ಮರಳದಂಡೆಗೆ ಬಂದು, ಒಂದೊಂದು ಗುಂಡಿಯಲ್ಲಿ ನೂರರ ಸುಮಾರು ಮೊಟ್ಟೆಯಿಟ್ಟು ಹೋಗುತ್ತವೆ. ಮರಿ ಹೊರಬರಲು ನಲವತ್ತೈದರಿಂದ ಅರುವತ್ತು ದಿನ ಬೇಕು. ಅಷ್ಟು ದಿನ ನಾಯಿ, ನರಿ, ಅಲೆಗಳಿಂದ ಮೊಟ್ಟೆಯನ್ನು ಕಾಯಬೇಕು. ಇದಕ್ಕೆ ಬೇಕಾದ್ದು ಡಿಗ್ರಿಯಲ್ಲ, ರಾತ್ರಿ ಎಚ್ಚರವಿರುವ ಕಣ್ಣು ಮತ್ತು ನಡೆಯುವ ಕಾಲು. ಗುರು ಯಾರೆಂದರೆ ನಲವತ್ತು ವರ್ಷ ಬಲೆ ಎಳೆದ ಮೊಗವೀರರ ಅಜ್ಜ. ಮರಳಿನ ಮೇಲಿನ ಗೀರು ನೋಡಿ ಆಮೆ ಮೊಟ್ಟೆಯಿಟ್ಟು ಹೋಯಿತೋ ಬೆದರಿ ಹಾಗೇ ಮರಳಿತೋ ಎಂದು ಹೇಳಬಲ್ಲವರು ಅವರು. ಹುಡುಗರು ಅವರ ಹಿಂದೆ ನಡೆಯುತ್ತಿದ್ದರು, “ನೀರಿನ ಬದಿಗೆ ಟಾರ್ಚ್ ಬಿಡ್ಬೇಡ ಮಾರಾಯ” ಎಂದು ಬೈಸಿಕೊಳ್ಳುತ್ತಿದ್ದರು, ಬೆಳಗಿನ ಜಾವ ಅವರದೇ ಮನೆಯಲ್ಲಿ ಗಂಜಿ ಉಣ್ಣುತ್ತಿದ್ದರು. ಯಾರು ಯಜಮಾನ, ಯಾರು ಶಿಷ್ಯ ಎಂಬ ಬಗ್ಗೆ ಅಲ್ಲಿ ಗೊಂದಲವಿರಲಿಲ್ಲ. ಶಾಲೆಯಲ್ಲಿ ಸುಲಭವಾಗಿ ಸಿಕ್ಕಿದ ‘ಸಾರ್’ ಎಂಬ ಪಟ್ಟ ಇಲ್ಲಿ ಸಿಗದ ಕಾರಣಕ್ಕೋ ಏನೋ, ಆ ಹುಡುಗರ ಕನ್ನಡ ಉಳಿದವರದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಸಂಸ್ಥೆ ಆ ಅಜ್ಜನಿಗೆ ಒಂದಿಷ್ಟು ಗೌರವಧನ ಕೊಡಬೇಕೆಂದು ನಾನು ಎರಡು ವರ್ಷ ಹೇಳುತ್ತ ಬಂದ ಮೇಲೆ ಕೊಡತೊಡಗಿದರು.

ಕಾಂಬೋಡಿಯಾಕ್ಕೆ ಬರುತ್ತೇನೆ, ಏಕೆಂದರೆ ತಮ್ಮ ಕಾರ್ಯಕ್ರಮದ ಪಟ್ಟಿಯಲ್ಲಿ ಏಳನೇ ದಿನ ಮಧ್ಯಾಹ್ನ ‘ಅನಾಥಾಲಯ ಭೇಟಿ’ ಎಂದಿದೆ. ಇದನ್ನು ದಯವಿಟ್ಟು ಇಂದೇ ಹೊಡೆದುಹಾಕಿ. 2005ರಿಂದ 2010ರವರೆಗಿನ ಐದು ವರ್ಷಗಳಲ್ಲಿ ಆ ದೇಶದ ಅನಾಥಾಲಯಗಳ ಸಂಖ್ಯೆ ಶೇ. 75ರಷ್ಟು ಹೆಚ್ಚಿತು. ಯುದ್ಧ ಮುಗಿದು ಎಷ್ಟೋ ವರ್ಷಗಳಾಗಿದ್ದವು, ಅನಾಥರ ಸಂಖ್ಯೆ ಹೆಚ್ಚಾಗಲು ಯಾವ ಕಾರಣವೂ ಇರಲಿಲ್ಲ. 2011ರಲ್ಲಿ ಅಲ್ಲಿನ ಸರ್ಕಾರ ಯುನಿಸೆಫ್ ಜೊತೆಗೂಡಿ ಹೊರತಂದ ಅಧ್ಯಯನದ ಪ್ರಕಾರ, ಅಲ್ಲಿದ್ದ ಸುಮಾರು ನಾಲ್ವರಲ್ಲಿ ಮೂವರು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ಹೆಚ್ಚಾದದ್ದು ನೋಡಲು ಬರುವವರು, ಅವರ ಕಣ್ಣೀರು, ಅವರ ಕಾಣಿಕೆ. ಬಡವರ ಮನೆಯ ಮಕ್ಕಳನ್ನು ಓದಿಸುತ್ತೇವೆಂದು ನಂಬಿಸಿ ಕರೆತಂದು, ಬಂದವರ ಮುಂದೆ ಕುಣಿಸಿ, ದೇಣಿಗೆ ಪಡೆಯುವ ದಂಧೆ ಅಲ್ಲಿ ಬೆಳೆಯಿತು. ನೇಪಾಳದಲ್ಲೂ ಪ್ರವಾಸಿಗರು ಹೆಚ್ಚು ಬರುವ ಕಾಠ್ಮಂಡು, ಪೋಖರಾ, ಚಿತ್ವನ್ ಮುಂತಾದ ಕಡೆಗಳಲ್ಲೇ ಇಂಥ ಮನೆಗಳು ಕಿಕ್ಕಿರಿದಿವೆ. ಶಾಲೆ ಬಿಟ್ಟ ಮಕ್ಕಳನ್ನು ಇಂಥ ಪ್ರವಾಸಗಳಿಗೆ ದೊಡ್ಡ ಸಂಖ್ಯೆಯಲ್ಲಿ ಕಳಿಸುತ್ತಿದ್ದ ಆಸ್ಟ್ರೇಲಿಯದ ಸಂಸತ್ತು ಆಧುನಿಕ ಗುಲಾಮಗಿರಿಯ ವಿಚಾರಣೆಯಲ್ಲಿ ಈ ದಂಧೆಯನ್ನೂ ಸೇರಿಸಿಕೊಂಡಿತು. 2018ರಲ್ಲಿ ಅಲ್ಲಿನ ಸರ್ಕಾರವೇ, ಪರದೇಶದ ಅನಾಥಾಲಯಗಳಿಗೆ ಅಲ್ಪಾವಧಿಯ ಸೇವೆಗೆ ಹೋಗಬೇಡಿ ಎಂದು ತನ್ನ ಪ್ರಜೆಗಳಿಗೆ ಪ್ರಚಾರ ಆರಂಭಿಸಿತು. ನಮ್ಮ ದೇಶದಲ್ಲಿ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಪ್ರತಿ ಸಂಸ್ಥೆಯೂ ನೋಂದಣಿಯಾಗಿರಬೇಕು, ಮಕ್ಕಳು ಮಕ್ಕಳ ಕಲ್ಯಾಣ ಸಮಿತಿಯ ಮೂಲಕವೇ ಅಲ್ಲಿಗೆ ಬರಬೇಕು. ಬೆಂಗಳೂರಿನ ಯಾವ ಬಾಲಮಂದಿರವೂ ಬಸ್ಸಿನಲ್ಲಿ ಬಂದ ಇಪ್ಪತ್ತಾರು ಅಪರಿಚಿತರನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಒಳಗೆ ಬಿಟ್ಟುಕೊಳ್ಳಬಾರದು. ಅಲ್ಲಿ ಬಿಟ್ಟುಕೊಳ್ಳುತ್ತಾರೆಂದರೆ ಅದೇ ಸಂಶಯಕ್ಕೆ ಸಾಕಷ್ಟು ಕಾರಣ.

ಇನ್ನು ಹಣದ ಲೆಕ್ಕ. ಯುರೋಪಿನಿಂದ ಬಂದು ಹೋಗುವ ವಿಮಾನದ ಟಿಕೆಟ್ಟಿಗೆ ಅರುವತ್ತು ಸಾವಿರ, ನಮ್ಮೂರಿನ ಗಾರೆ ಮೇಸ್ತ್ರಿಗೆ ದಿನಕ್ಕೆ ಸಾವಿರ ಎಂದು ಹಿಡಿದರೆ, ಒಬ್ಬ ಹುಡುಗ ಬರುವ ಖರ್ಚಿನಲ್ಲಿ ಮೇಸ್ತ್ರಿಯೊಬ್ಬ ಎರಡು ತಿಂಗಳು ದುಡಿಯಬಹುದು, ಗೋಡೆಯೂ ನೆಟ್ಟಗೆ ನಿಲ್ಲುತ್ತದೆ. ಈ ಲೆಕ್ಕವನ್ನು ಟೀಕಾಕಾರರು ಎಲ್ಲ ಕಡೆ ಹೇಳುತ್ತಾರೆ, ಅದು ಸರಿಯೂ ಹೌದು. ಆದರೆ ಹುಡುಗ ಬರದಿದ್ದರೆ ಆ ಅರುವತ್ತು ಸಾವಿರ ನಮ್ಮ ಮೇಸ್ತ್ರಿಯ ಕೈಗೆ ಬರುತ್ತಿತ್ತೆಂದು ನಂಬುವುದು ಕಷ್ಟ. ಟಿಕೆಟ್ಟನ್ನು ಶಿಕ್ಷಣದ ಖರ್ಚೆಂದು ಒಪ್ಪಿಕೊಂಡರೆ ಮುಜುಗರ ಅರ್ಧ ಕಡಿಮೆಯಾಗುತ್ತದೆ. ಮಗನನ್ನು ಕಾಲೇಜಿಗೆ ಕಳಿಸಿದಾಗ ಕಾಲೇಜಿಗೆ ಉಪಕಾರ ಮಾಡಿದೆವೆಂದು ಯಾವ ತಂದೆಯೂ ಹೇಳುವುದಿಲ್ಲ, ಶುಲ್ಕ ಕಟ್ಟುತ್ತಾನೆ. ಆ ಹಳ್ಳಿಗೂ ಹಾಗೆಯೇ ಶುಲ್ಕ ಸಲ್ಲಬೇಕು: ಅಡಿಗೆ ಮಾಡುವ ತಾಯಿಗೆ, ಭಾಷೆ ಕಲಿಸುವವರಿಗೆ, ಕೆಲಸ ತೋರಿಸುವ ಮೇಸ್ತ್ರಿಗೆ. ಪ್ರವಾಸದ ಕಂಪನಿಗೆ ತಾವು ಕಟ್ಟಿದ ಹಣದಲ್ಲಿ ಅವರಿಗೆ ಎಷ್ಟು ಹೋಗುತ್ತದೆ ಎಂದು ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.

ನನ್ನ ಮಾತು ಕೇಳಿ ಈ ಮಕ್ಕಳು ಬರುವುದೇ ಬೇಡವೆಂಬ ಅಭಿಪ್ರಾಯ ನನಗಿದೆ ಎಂದು ತಾವು ತಿಳಿಯಬಾರದು. ಆ ಒಂಬತ್ತು ವರ್ಷಗಳು ನನ್ನ ನಿವೃತ್ತಿ ಜೀವನದ ಅತ್ಯಂತ ಗೆಲುವಿನ ವರ್ಷಗಳು. ಕುಚ್ಚಲಕ್ಕಿ ಅನ್ನವನ್ನು ಕೈಯಲ್ಲಿ ಕಲಸಲು ಬಾರದೆ ಅತ್ತ ಹುಡುಗಿ, ಹೋಗುವ ಹೊತ್ತಿಗೆ ಮನೆಯೊಡತಿಯ ಜೊತೆ ಒರಳಿನ ಮುಂದೆ ಕುಳಿತು, ಇಡೀ ಕೇರಿಯ ಸುದ್ದಿಯನ್ನು ತಪ್ಪು ವ್ಯಾಕರಣದಲ್ಲಿ ಆದರೆ ಸರಿಯಾದ ರಾಗದಲ್ಲಿ ಹೇಳುತ್ತಿದ್ದಳು. ಆ ಮನೆಯೊಡತಿ ಅವಳು ಹೋದ ದಿನ ಒಲೆ ಹಚ್ಚಲಿಲ್ಲ. ಇವೆಲ್ಲ ಅಳತೆಗೆ ಸಿಗುವಂಥವಲ್ಲ, ಆದರೆ ಇಲ್ಲವೆಂದೂ ಹೇಳಲಾರೆ. ಇಷ್ಟಾಗಲು ಎಂಟು ಹತ್ತು ತಿಂಗಳು ಬೇಕಾಯಿತು ಎಂಬುದನ್ನು ಮಾತ್ರ ಜೊತೆಗೇ ಹೇಳಬೇಕಾಗುತ್ತದೆ.

ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ ಡಿಪ್ಲೊಮಾ ಓದುವ ಮಕ್ಕಳಿಗೆ ಸೇವೆ ಪಠ್ಯಕ್ರಮದ ಕಡ್ಡಾಯ ಅಂಗ. ಹದಿನೆಂಟು ತಿಂಗಳ ಕಾಲ ಅದು ನಡೆಯಬೇಕು. ಅದಕ್ಕಾಗಿ ಗಡಿ ದಾಟಬೇಕೆಂಬ ನಿಯಮವೇನೂ ಇಲ್ಲ, ಆದರೂ ಪಾಸ್‌ಪೋರ್ಟ್ ಇಲ್ಲದೆ ಸೇವೆಯೇ ಆಗದೆಂಬ ಭಾವನೆ ಎಲ್ಲಿಂದಲೋ ಬಂದುಬಿಟ್ಟಿದೆ. ಹದಿನೆಂಟು ತಿಂಗಳು, ವಾರಕ್ಕೊಂದು ಮಧ್ಯಾಹ್ನ, ಇದೇ ಬಡಾವಣೆಯ ಸರ್ಕಾರಿ ಶಾಲೆಗೆ ಹೋಗಿ ಬಂದ ಹುಡುಗನಿಗೆ ಅಲ್ಲಿನ ಪಂಪ್ ಯಾವಾಗ ಕೆಡುತ್ತದೆ, ಯಾರಿಗೆ ಹೇಳಿದರೆ ರಿಪೇರಿಯಾಗುತ್ತದೆ ಎಂಬುದು ತಿಳಿದಿರುತ್ತದೆ. ಡಿಕ್ಸನ್ 1962ರಲ್ಲಿ ತಮ್ಮ ಊರಿನ ಕಡೆ ತಿರುಗಿದ್ದು ಬಹುಶಃ ಇಂಥದ್ದನ್ನು ಕಂಡೇ ಇರಬೇಕು. ಇದು ನನ್ನ ಊಹೆ.

ಮಾತು ಮುಗಿದ ಮೇಲೆ ತಾಯಿಯೊಬ್ಬರು ಎದ್ದು, “ಟಿಕೆಟ್ ಆಗಿಬಿಟ್ಟಿದೆ ಸಾರ್, ಈಗ ಮಕ್ಕಳನ್ನು ಕಳಿಸೋದು ಬೇಡ್ವಾ?” ಎಂದು ಕೇಳಿದರು. ನಾನು ಪ್ರವಾಸದ ದಿನಾಂಕಗಳನ್ನು ಇನ್ನೊಮ್ಮೆ ನೋಡಿದೆ: ಏಪ್ರಿಲ್ 10ರಿಂದ 19. ಏಪ್ರಿಲ್ ನಡುವಿನ ಮೂರು ದಿನಗಳು ಕಾಂಬೋಡಿಯಾದವರಿಗೆ ಹೊಸ ವರ್ಷದ ಹಬ್ಬ. ನಮ್ಮ ಕರಾವಳಿಯ ಸೌರಮಾನ ಯುಗಾದಿ ಬರುವುದೂ ಆ ಹೊತ್ತಿಗೇ, ಸೂರ್ಯ ಮೇಷಕ್ಕೆ ಬರುವ ಲೆಕ್ಕ ಇಬ್ಬರಿಗೂ ಒಂದೇ. ಆಗ ಅಲ್ಲಿ ಶಾಲೆಗಳು ಮುಚ್ಚಿರುತ್ತವೆ, ಪಟ್ಟಣಕ್ಕೆ ದುಡಿಯಲು ಹೋದವರೆಲ್ಲ ಹಳ್ಳಿಗೆ ಬಂದಿರುತ್ತಾರೆ. ಪಾಠ ಹೇಳಲು ಮಕ್ಕಳೂ ಇರುವುದಿಲ್ಲ, ಬಣ್ಣದ ಡಬ್ಬಿ ತೆರೆದುಕೊಡಲು ಜವಾನನೂ ಇರುವುದಿಲ್ಲ. ದಿನಾಂಕ ಗೊತ್ತು ಮಾಡುವಾಗ ಆ ಊರಿನವರನ್ನು ಯಾರಾದರೂ ಕೇಳಿದ್ದಿರಾ ಎಂದೆ. ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ಆ ತಾಯಿಗೆ ಹೇಳಿದೆ: “ಕಳಿಸಿ ಅಮ್ಮ. ಆದರೆ ಹಬ್ಬದ ದಿನ ತಮ್ಮ ಊರಿಗೆ ಬರಬಹುದೇ ಎಂದು ಇವತ್ತು ರಾತ್ರಿಯೇ ಅವರಿಗೆ ಒಂದು ಪತ್ರ ಬರೆದು ಕೇಳಿಸಿ. ಬನ್ನಿ ಎಂದರೆ, ಬಣ್ಣದ ಬ್ರಷ್ ಇಲ್ಲೇ ಬಿಟ್ಟು, ಮಕ್ಕಳ ಕೈಯಲ್ಲಿ ಒಂದಿಷ್ಟು ಹಣ್ಣು ಕೊಟ್ಟು ಕಳಿಸಿ.”